ಎಕ್ಸ್‌ಟೆನ್ಶನ್ ಟ್ಯೂಬ್: ಮೂರು ಮಳೆಗಾಲ ಬಳಸಿದ ಮೇಲೆ

ಬಾಳೆಹೊನ್ನೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಇತ್ತು, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡಿರಲಿಲ್ಲ. 12, 20, 36 ಮಿ.ಮೀ.ನ ಮೂರು ಟ್ಯೂಬ್‌ಗಳ ಸೆಟ್ ಆನ್‌ಲೈನಲ್ಲಿ ತರಿಸಿದೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕಿದರೆ ಲೆನ್ಸ್ ಮುಂದಕ್ಕೆ ಸರಿದು ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಒಳಗೆ ಗಾಜೇ ಇಲ್ಲ, ಬರೀ ಖಾಲಿ ಕೊಳವೆ. ಇದಕ್ಕಾ ಇಷ್ಟು ದುಡ್ಡು ಅನ್ನಿಸಿದ್ದು ಸುಳ್ಳಲ್ಲ.

ಡಬ್ಬಿಯ ಮೇಲೆ "ಹತ್ತು ಪಟ್ಟು" ಅಂತ ಅಚ್ಚು ಹಾಕಿದ್ದರು. ಎಲ್ಲಿ ಹತ್ತು ಪಟ್ಟು? ಮೊಬೈಲ್ ಪರದೆ ಮೇಲೋ, ಗೋಡೆ ಮೇಲೋ? ಮ್ಯಾಕ್ರೋದ ಲೆಕ್ಕ ನಡೆಯುವುದು ಕ್ಯಾಮೆರಾದೊಳಗೆ ಬಿಂಬ ಬೀಳುವ ಸೆನ್ಸರ್ ಮೇಲೆ. ವಸ್ತು ಎಷ್ಟಿದೆಯೋ ಅಷ್ಟೇ ಗಾತ್ರದ ಬಿಂಬ ಅಲ್ಲಿ ಬಿದ್ದರೆ 1:1. ಇದು ನನ್ನ ತಲೆಗೆ ಹೋಗಿದ್ದು ತಂಗಿ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ. ನನ್ನ ಕ್ಯಾನನ್ ಕ್ಯಾಮೆರಾದ ಎಪಿಎಸ್-ಸಿ (ಸಣ್ಣ ಅಳತೆಯ) ಸೆನ್ಸರಿನ ಅಗಲ 22.3 ಮಿ.ಮೀ. 36ರ ಟ್ಯೂಬ್ ಹಾಕಿ, ಫೋಕಸ್ ತೀರಾ ಹತ್ತಿರಕ್ಕೆ ತಿರುಗಿಸಿ ಸ್ಕೇಲಿನ ಫೋಟೋ ತೆಗೆದೆ. ಚಿತ್ರದ ಈ ಅಂಚಿನಿಂದ ಆ ಅಂಚಿಗೆ 24 ಮಿ.ಮೀ. 22.3ನ್ನು 24ರಿಂದ ಭಾಗಿಸಿದರೆ 0.93, ಅಂದರೆ ಹೆಚ್ಚುಕಡಿಮೆ 1:1. ಕಾಗದದ ಲೆಕ್ಕವೂ ತಾಳೆಯಾಯಿತು: 36ನ್ನು 50ರಿಂದ ಭಾಗಿಸಿದರೆ 0.72, ಟ್ಯೂಬ್ ಇಲ್ಲದೆ ಲೆನ್ಸಿನ ಸ್ವಂತದ್ದು 0.21, ಕೂಡಿಸಿದರೆ ಅದೇ 0.93. ಮೂರೂ ಟ್ಯೂಬ್ ಜೋಡಿಸಿದಾಗ ಚಿತ್ರದ ಅಗಲದಲ್ಲಿ ಹಿಡಿಸಿದ್ದು ಸ್ಕೇಲಿನ 14 ಮಿ.ಮೀ. ಚಿಲ್ಲರೆ, ಅಂದರೆ ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ. ಹತ್ತೆಲ್ಲಿ, ಒಂದೂವರೆಯೆಲ್ಲಿ!

ಹಾಗಂತ ಅದೇನು ಕಡಿಮೆಯಲ್ಲ. ಕಾಫಿ ಹಣ್ಣು ಕೊರೆಯುವ ಬೆರ್ರಿ ಬೋರರ್ ಹುಳದ ಉದ್ದ ಅಳೆದರೆ ಒಂದೂವರೆ ಮಿ.ಮೀ. ಆಚೀಚೆ. ಕಾಫಿ ಹಣ್ಣಿನ ಹೊಕ್ಕುಳ ಹತ್ತಿರದ ತೂತಿನಿಂದ ಅದು ಹಿಂಭಾಗ ಹೊರಹಾಕಿದ್ದನ್ನು ಒಮ್ಮೆ ಹಿಡಿದೆ. ಚಿತ್ರದ ಅಗಲದಲ್ಲಿ ಹತ್ತನೇ ಒಂದು ಪಾಲೂ ತುಂಬಲಿಲ್ಲ, ಆದರೂ ಹಿಗ್ಗಿಸಿ ನೋಡಿದರೆ ಬೆನ್ನ ಮೇಲಿನ ಕೂದಲು ಕಾಣುತ್ತಿತ್ತು. ಅಪ್ಪನಿಗೆ ತೋರಿಸಿದೆ. "ಅಯ್ಯೋ ಮಾರಾಯ, ಇಷ್ಟ್ ಚಂದ ಇದೆಯಾ ಇದು!" ಅಂದರು. ಮರುದಿನ ಉದುರು ಕಾಯಿ ಆರಿಸಲು ಆಳು ಕಳಿಸಿದರು, ಅದು ಬೇರೆ ವಿಷಯ.

ತೊಂದರೆ ಇರುವುದು ಬೆಳಕಿನಲ್ಲಿ. ಒಂದೂವರೆ ಪಟ್ಟಿಗೆ ಹೋದರೆ ಲೆನ್ಸಿನ ಕಿಂಡಿ ಎಫ್/8 ಇಟ್ಟರೂ (ಈ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ) ಸೆನ್ಸರಿಗೆ ಸಿಗುವುದು ಎಫ್/20ರಷ್ಟು ಬೆಳಕು. ಸಿಲ್ವರ್ ಓಕ್ ನೆರಳಿನಲ್ಲಿ ಫ್ಲ್ಯಾಶ್ ಇಲ್ಲದೆ ಆಟ ನಡೆಯಲ್ಲ. ಅದೂ ಅಲ್ಲದೆ ಲೆನ್ಸಿನ ಮೂತಿ ಹುಳಕ್ಕೆ ಮೂರು ಬೆರಳಷ್ಟು ಹತ್ತಿರ ಹೋಗಬೇಕು. ನಮ್ಮದೇ ನೆರಳು ಬೀಳುತ್ತದೆ, ಕೂತ ಚಿಟ್ಟೆ ಎದ್ದು ಹೋಗುತ್ತದೆ. ಹೂಮಳೆ ಬಿದ್ದು ಕಾಫಿ ಹೂ ಅರಳಿದಾಗ ಮಾತ್ರ ಇದು ಅಡ್ಡಿಯಲ್ಲ, ಹೂವೇನು ಓಡಲ್ಲವಲ್ಲ. ಆಗ 12ರದ್ದೊಂದೇ ಸಾಕು.

ಎರಡನೇ ಮಳೆಗಾಲಕ್ಕೆ ಟ್ಯೂಬುಗಳ ಜೋಡಣೆ ಸಡಿಲವಾಯಿತು, ಮೂರೂ ಹಾಕಿದರೆ ಲೆನ್ಸ್ ಮೂಗು ತೂಗುತ್ತದೆ. ಥಂಡಿಗೆ ಕ್ಯಾಮೆರಾ-ಲೆನ್ಸ್ ಸಂಪರ್ಕದ ಪಿನ್ನುಗಳು ಮಂಕಾಗಿ ಕ್ಯಾಮೆರಾ ಎರರ್ ತೋರಿಸಿತು. ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಸರಿಹೋಯಿತು. ಫಂಗಸ್ ಕಾಟ ಇವಕ್ಕಿಲ್ಲ, ಗಾಜೇ ಇಲ್ಲವಲ್ಲ.

ಈಗ ಸೆಕೆಂಡ್‌ಹ್ಯಾಂಡ್ 100 ಮಿ.ಮೀ. ಮ್ಯಾಕ್ರೋ ಹುಡುಕುತ್ತಿದ್ದೇನೆ. ಅದೂ ಕೊಡುವುದು 1:1, ಆದರೆ ದೂರ ನಿಂತು ತೆಗೆಯಬಹುದು. ಈ ಟ್ಯೂಬುಗಳನ್ನು ಅದಕ್ಕೂ ಹಾಕಬಹುದು, ಆದರೆ 50ರ ಲೆನ್ಸಿಗೆ ಕೂಡಿಸಿದಷ್ಟು ಅದಕ್ಕೆ ಕೂಡಿಸಲ್ಲ. ಮಾರುವ ಯೋಚನೆಯಂತೂ ಇಲ್ಲ.