ಫೈಂಡ್ ಸೋರ್ಸಸ್ ಟೆಂಪ್ಲೇಟು: ಕ್ಲಿಕ್ ಮಾಡಿದರೆ ಹುಡುಕುತ್ತದೆ, ಆದ್ರೆ ಕನ್ನಡಕ್ಕೆ ಸ್ವಲ್ಪ ಕಿರಿಕ್

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಳಕಲ್ ಸೀರೆ ಬಗ್ಗೆ ನಾಲ್ಕು ಸಾಲು ಸೇರಿಸೋಣ ಅಂತ ಕೂತಿದ್ದೆ. ಬರೆಯುವುದು ಸುಲಭ, ಆಧಾರ ಹುಡುಕುವುದೇ ತಲೆನೋವು. ಆಗ ಕೈಗೆ ಸಿಕ್ಕಿದ್ದು ಈ ಫೈಂಡ್ ಸೋರ್ಸಸ್ ಟೆಂಪ್ಲೇಟು, ಅಂದರೆ ಪುಟದಲ್ಲಿ ಹೆಸರು ಬರೆದರೆ ತಾನೇ ತುಂಬಿಕೊಳ್ಳುವ ಸಿದ್ಧ ಅಚ್ಚು. ಎರಡೆರಡು ಕರ್ಲಿ ಬ್ರಾಕೆಟ್ ನಡುವೆ ಅದರ ಹೆಸರು ಹಾಕಿದರೆ ಸಾಕು, ಗೂಗಲ್, ಅದರ ಬುಕ್ಸ್, ನ್ಯೂಸ್, ಸ್ಕಾಲರ್, ಸಂಶೋಧನಾ ಲೇಖನಗಳ ಭಂಡಾರವಾದ ಜೇಸ್ಟೋರ್ ಎಲ್ಲದರ ಹುಡುಕಾಟಕ್ಕೂ ಲಿಂಕು ಸಾಲಾಗಿ ಬಂದು ಕೂರುತ್ತದೆ.

ಮೊದಲ ಸಲ ನನ್ನ ಪ್ರಯೋಗಪುಟದಲ್ಲಿ (ಬರೆದು ಅಭ್ಯಾಸ ಮಾಡುವ ಪುಟ) ಹಾಕಿ ನೋಡಿ ನಗು ಬಂತು. ಪದ ಕೊಡದಿದ್ದರೆ ಅದು ಪುಟದ ಹೆಸರನ್ನೇ ಹುಡುಕುತ್ತದೆ, ಸೀರೆ ಬಿಟ್ಟು ನನ್ನ ಪ್ರಯೋಗಪುಟವನ್ನೇ ಹುಡುಕಲು ಹೊರಟಿತ್ತು! ಪೈಪ್ ಗುರುತು (|) ಹಾಕಿ ಪದ ಕೊಟ್ಟ ಮೇಲೆ ಸರಿಯಾಯಿತು.

ನನಗೆ ಇಷ್ಟವಾಗಿದ್ದು ಇದರ ಒಳಗಿನ ಕೆಲಸ. ವಿಕಿಯಲ್ಲಿ ಹೊರಗಿನ ಲಿಂಕಿನ ವಿಳಾಸದೊಳಗೆ ಖಾಲಿ ಜಾಗ ಬಂದರೆ ಲಿಂಕು ಅಲ್ಲೇ ಕತ್ತರಿಸಿಹೋಗುತ್ತದೆ, ಉಳಿದದ್ದು ಲಿಂಕಿನ ಹೆಸರಾಗಿಬಿಡುತ್ತದೆ. ಅದಕ್ಕೇ ಯುಆರ್‌ಎಲ್‌ಎನ್‌ಕೋಡ್ ಅನ್ನುವ ವಿಕಿಯ ಸೌಲಭ್ಯ ಖಾಲಿ ಜಾಗವನ್ನು ಕೂಡಿಸುವ ಚಿಹ್ನೆ ಮಾಡುತ್ತದೆ, ಕನ್ನಡದ ಒಂದು 'ಕ'ವನ್ನು 9 ಚಿಹ್ನೆಗಳ ಬಾಲವಾಗಿಸುತ್ತದೆ. ನೋಡೋಕೆ ಗಲೀಜು, ಆದರೆ ಲಿಂಕು ಮುರಿಯುವುದಿಲ್ಲ. ಕೈಯಲ್ಲಿ ಬರೆಯೋಕೆ ಹೋದ್ರೆ ಅಷ್ಟೇ ಕತೆ.

ಇನ್ನು ಕಿರಿಕ್. ಮೊದಲ ಪದವನ್ನು ಇದು ಉದ್ಧರಣ ಚಿಹ್ನೆಯೊಳಗೆ ಹಾಕುತ್ತದೆ, ಅಂದರೆ ಇದ್ದದ್ದು ಇದ್ದ ಹಾಗೇ ಹುಡುಕು ಅಂತ. ನಮ್ಮ ವಿಷಯಗಳಿಗೆ ಇದು ಭಾರೀ ಬಿಗಿ. ಸೀರೆಗೆ ಇಂಗ್ಲಿಷಿನಲ್ಲೇ ಎರಡು ಸ್ಪೆಲಿಂಗು. ಊರಿಗೆ ಇಳಕಲ್, ಇಲಕಲ್, ಇಳಕಲ್ಲ ಅಂತ ಒಬ್ಬೊಬ್ಬರದು ಒಂದೊಂದು, ಮೇಲೆ 'ಇಳಕಲ್ಲಿನ', 'ಸೀರೆಯ' ಅಂತ ವಿಭಕ್ತಿ ಬೇರೆ. ಎರಡನೇ ಪದವಾಗಿ ಇನ್ನೊಂದು ಸ್ಪೆಲಿಂಗ್ ಕೊಟ್ಟೆ. ಅದಕ್ಕೆ ಉದ್ಧರಣ ಚಿಹ್ನೆ ಬೀಳುವುದಿಲ್ಲ ನಿಜ, ಆದರೆ ಎರಡೂ ಪದ ಇರುವ ಪುಟವನ್ನೇ ಹುಡುಕಲು ಹೋಗಿ ಫಲಿತಾಂಶ ಇನ್ನೂ ಕಮ್ಮಿಯಾಯಿತು. ಕೊನೆಗೆ ಒಂದೊಂದು ಸ್ಪೆಲಿಂಗಿಗೂ ಒಂದೊಂದು ಟೆಂಪ್ಲೇಟು, ಕನ್ನಡದ್ದಕ್ಕೆ ಬೇರೆ, ಹೀಗೆ ನಾಲ್ಕು ಸಾಲು ಹಾಕಿದೆ. ಎರಡನೇ ಪದದ ಜಾಗದಲ್ಲಿ ಸ್ಪೆಲಿಂಗ್ ಬಿಟ್ಟು 'ತೋಪ್ ತೆನಿ' ಅಂತ ಕೊಟ್ಟೆ, ಒಡಲು ಮತ್ತು ಸೆರಗಿನ ಎಳೆಗಳನ್ನು ಕೂಡಿಸುವ ಕ್ರಮಕ್ಕೆ ನೇಕಾರರು ಹೇಳುವ ಹೆಸರು ಅದು. ಆಗ ಮಾತ್ರ ಸೀರೆ ಮಾರುವ ಅಂಗಡಿಗಳ ಪುಟ ಹಿಂದೆ ಸರಿದು ನೇಯ್ಗೆಯ ಬಗ್ಗೆ ಬರೆದದ್ದು ಮೇಲೆ ಬಂತು.

ಜೇಸ್ಟೋರ್ ಲಿಂಕಿನ ಮೇಲೆ ಕನ್ನಡ ಪದ ಕೊಟ್ಟು ಆಸೆ ಇಟ್ಟುಕೊಳ್ಳಬೇಡಿ, ಇಂಗ್ಲಿಷ್ ಸ್ಪೆಲಿಂಗೇ ಕೊಡಿ. ಪಕ್ಕದ ವಿಕಿಪೀಡಿಯ ಲೈಬ್ರರಿ (ಸಂಪಾದಕರಿಗೆ ದುಡ್ಡಿನ ಪತ್ರಿಕೆ, ಪುಸ್ತಕಗಳನ್ನು ಉಚಿತವಾಗಿ ತೋರಿಸುವ ವ್ಯವಸ್ಥೆ) ಲಿಂಕು ಒಳ್ಳೆಯದು, ಆದರೆ ಖಾತೆಗೆ 6 ತಿಂಗಳಾಗಿ 500 ಸಂಪಾದನೆ ದಾಟಿರಬೇಕು, ಕಳೆದ ತಿಂಗಳಲ್ಲಿ 10 ಆದರೂ ಮಾಡಿರಬೇಕು. ಹೊಸಬರಿಗೆ ಸದ್ಯಕ್ಕೆ ಸುಮ್ನೆ ನೋಡೋಕೆ ಅಷ್ಟೇ.

ಇನ್ನೊಂದು, ಈ ಟೆಂಪ್ಲೇಟನ್ನು ಲೇಖನದ ಜೊತೆಗಿರುವ ಚರ್ಚೆಪುಟದಲ್ಲಿ ಹಾಕಿ. ಲೇಖನದೊಳಗೆ ಹುಡುಕಾಟದ ಲಿಂಕು ಇರಬಾರದು ಅಂತ ಅಲ್ಲಿನ ನಿಯಮವೇ ಇದೆ, ಅದು ಸರಿಯೂ ಹೌದು, ಯಾಕಂದ್ರೆ ಇವತ್ತು ನನಗೆ ಕಂಡ ಫಲಿತಾಂಶ ನಾಳೆ ನಿಮಗೆ ಕಾಣಬೇಕಂತೇನಿಲ್ಲ ಅಲ್ವಾ? ನಾನು ಲೇಖನದ ಕೊನೆಗೇ ಅಂಟಿಸಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ತೆಗೆದಿದ್ದರು.

ಐದಕ್ಕೆ ಮೂರೂವರೆ. ಆ ಉದ್ಧರಣ ಚಿಹ್ನೆ ಬೇಡ ಅನ್ನೋಕೆ ಸುಲಭದ ದಾರಿ ಇದ್ದಿದ್ದರೆ ನಾಲ್ಕೂವರೆ ಕೊಡ್ತಿದ್ದೆ.