ರಾಬರ್ಟ್‌ಸನ್‌ಪೇಟೆಯ ಪ್ಲೇಟಂಗಡಿ: ಪ್ಲೇಟಿಗಿಂತ ಚೀಟಿ ಚೆನ್ನಾಗಿದೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ನಿಂತುಕೊಂಡು ‘ಪ್ಲೇಟಂಗಡಿ ಎಲ್ಲಿ’ ಅಂತ ಕೇಳಬೇಡಿ. ನಾನು ಕೇಳಿದೆ, ಸೀದಾ ಸ್ಟೀಲ್ ಪಾತ್ರೆ ಅಂಗಡಿಗೆ ಕಳಿಸಿದರು. ಹಳೇ ಹಾಡಿನ ಪ್ಲೇಟು, ಗ್ರಾಮಫೋನು ಅಂತ ಬಿಡಿಸಿ ಹೇಳಿದ ಮೇಲೆ ಹೂ ಮಾರುತ್ತಿದ್ದ ಹೆಂಗಸೊಬ್ಬರು ‘ಓ, ಟೀಚರಮ್ಮನ ಮನೇನಾ’ ಅಂದು ಗಲ್ಲಿ ತೋರಿಸಿದರು. ಬೋರ್ಡಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಚಪ್ಪಲಿ ಹೊರಗೆ ಬಿಡಬೇಕು.

ಯಜಮಾನರ ಅಪ್ಪ ಗಣಿಯೊಳಗೆ ಇಳಿದು ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿಂದ ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿದರಲ್ವಾ, ಹೋಗುವಾಗ ಮನೆಯಲ್ಲಿದ್ದ ಪ್ಲೇಟುಗಳನ್ನು ಇವರ ಕೈಗೆ ಹಾಕಿ ಹೋದರಂತೆ, ಕೆಲವರು ಸುಮ್ನೆ ಕೊಟ್ಟರು, ಕೆಲವರಿಗೆ ನೂರಿನ್ನೂರು ಕೊಟ್ಟರು. ಹಾಗೆ ಶುರುವಾದದ್ದು. ಹಿಂದಿ, ಕನ್ನಡ, ತಮಿಳು ಸಿನಿಮಾ ಪ್ಲೇಟುಗಳು ಗೋಡೆಯುದ್ದಕ್ಕೂ ಇವೆ. ಅದನ್ನು ಬೆಂಗಳೂರಲ್ಲೂ ಹುಡುಕಬಹುದು. ನಾನು ಬಂಗಾರಪೇಟೆಯಿಂದ ರೈಲು ಹತ್ತಿ ಹೋದದ್ದು ಕಿಟಕಿ ಪಕ್ಕದ ಒಂದು ಬೆಂಚಿಗೋಸ್ಕರ. ಅಮೆರಿಕದ ದಕ್ಷಿಣದ ಕಡೆಯ ರಾಕ್ ಮತ್ತು ಬ್ಲೂಸ್ (ಅಲ್ಲಿನ ಕಪ್ಪು ಜನರಿಂದ ಹುಟ್ಟಿದ ಹಾಡು) ಅಷ್ಟೂ ಆ ಬೆಂಚಿನ ಮೇಲಿದೆ. ಎಣಿಸಿದೆ, ಅರವತ್ತು ಚಿಲ್ಲರೆ.

ಈಗ ಚೀಟಿ ವಿಷಯ. ಪ್ರತಿ ಪ್ಲೇಟಿನ ಕವರಿನೊಳಗೂ ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಅರ್ಧ ತುಂಡು ಇರುತ್ತದೆ. ಯಜಮಾನರು ಹೇಳಿದ್ದು, ಟೀಚರಮ್ಮ ಬರೆದದ್ದು. ಅವರು ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಹಾಗಾಗಿ ಚೀಟಿ ಥೇಟ್ ಶಾಲೆಯ ದಾಖಲಾತಿ ಪುಸ್ತಕದ ಹಾಗೆ. ಹೆಸರು, ಊರು, ತಂದೆಯ ಕಸುಬು, ಮೊದಲ ಕೆಲಸ, ಷರಾ. ನೀಲಿ ಇಂಕು, ದುಂಡಗಿನ ಅಕ್ಷರ. ನಾನು ಮೊದಲು ನಕ್ಕೆ. ಆಮೇಲೆ ನೆಲದ ಮೇಲೆ ಕೂತು ಒಂದೂವರೆ ಗಂಟೆ ಬರೀ ಚೀಟಿ ಓದಿದೆ.

ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ (ಅದು ಅಡ್ಡಹೆಸರು) ಚೀಟಿ ನೋಡಿ. ಹೆಸರು: ಮಕಿನ್ಲಿ ಮಾರ್ಗನ್‌ಫೀಲ್ಡ್. ಊರು: ಮಿಸಿಸಿಪ್ಪಿ, ಕ್ಲಾರ್ಕ್ಸ್‌ಡೇಲ್ ಹತ್ತಿರದ ಸ್ಟೋವಾಲ್ ತೋಟ. ಮೊದಲ ಕೆಲಸ: ಹತ್ತಿ ಬಿಡಿಸುವುದು, ಟ್ರ್ಯಾಕ್ಟರ್ ಓಡಿಸುವುದು. ಷರಾ: ‘1941ರಲ್ಲಿ ರೆಕಾರ್ಡ್ ಮಾಡುವವರು ಮನೆ ಬಾಗಿಲಿಗೆ ಬಂದರು. ತನ್ನ ದನಿ ಕೇಳಿ ಧೈರ್ಯ ಬಂತು. 1943ರಲ್ಲಿ ಶಿಕಾಗೋ. ಅಲ್ಲಿ ಲಾರಿ ಓಡಿಸುತ್ತಾ ರಾತ್ರಿ ಹಾಡಿದರು.’ ಇಷ್ಟೇ. ಮಹಾನ್, ಅದ್ಭುತ, ದಂತಕಥೆ, ಯಾವುದೂ ಇಲ್ಲ.

ಬಿ.ಬಿ. ಕಿಂಗ್ ಕೂಡ ಟ್ರ್ಯಾಕ್ಟರ್ ಡ್ರೈವರೇ ಅಂತ ನನಗೆ ಗೊತ್ತಿತ್ತು. ಆದರೆ ಅದರ ಷರಾ ಓದಿ ಜೋರಾಗಿ ನಗು ಬಂತು: ‘ಧಣಿಯ ಟ್ರ್ಯಾಕ್ಟರ್ ಹಾಳು ಮಾಡಿ ಹೆದರಿ ಮೆಂಫಿಸ್‌ಗೆ ಓಡಿಹೋದರು. ಒಳ್ಳೆಯದೇ ಆಯಿತು.’ ಅದು ನಿಜವಾಗಿ ನಡೆದದ್ದೇ. ಆಮೇಲೆ ಮೆಂಫಿಸ್ ರೇಡಿಯೋದಲ್ಲಿ ಕೆಲಸ, ‘ಬ್ಲೂಸ್ ಬಾಯ್’ ಅನ್ನೋ ಹೆಸರು, ಅದೇ ಬಿ.ಬಿ. ಆಯಿತು. 1956ನೇ ಇಸವಿ ಒಂದರಲ್ಲೇ 342 ಕಡೆ ನುಡಿಸಿದರು. ವರ್ಷಕ್ಕೆ ಇರೋದೇ 365 ದಿನ ಸ್ವಾಮಿ. ಗಿಟಾರಿಗೆ ಲುಸಿಲ್ ಅಂತ ಹೆಸರು ಬಂದ ಕಥೆಯೂ ಚೀಟಿಯಲ್ಲಿದೆ. ಚಳಿಗೆ ಸೀಮೆಎಣ್ಣೆ ಹಚ್ಚಿಟ್ಟಿದ್ದ ಕುಣಿತದ ಹಾಲ್ ಒಳಗೆ ಇಬ್ಬರು ಹೊಡೆದಾಡಿ ಬೆಂಕಿ ಬಿತ್ತು, ಇವರು ಹೊರಗೆ ಬಂದವರು ಗಿಟಾರಿಗೋಸ್ಕರ ಮತ್ತೆ ಒಳಗೆ ನುಗ್ಗಿದರು, ಜಗಳ ಲುಸಿಲ್ ಅನ್ನೋ ಹೆಂಗಸಿನ ವಿಷಯಕ್ಕೆ ಅಂತ ಆಮೇಲೆ ತಿಳಿಯಿತು. ಇನ್ನೊಂದು ಸಲ ಇಂಥ ಕೆಲಸ ಮಾಡಬಾರದು ಅಂತ ನೆನಪಿಗೆ ಆ ಹೆಸರಿಟ್ಟುಕೊಂಡರು.

ನನಗೆ ತುಂಬಾ ಹಿಡಿಸಿದ್ದು ಮಿಸಿಸಿಪ್ಪಿ ಜಾನ್ ಹರ್ಟ್ ಚೀಟಿ. 1928ರಲ್ಲಿ ಹಾಡಿ ರೆಕಾರ್ಡ್ ಆಯಿತು, ಪ್ಲೇಟು ಅಷ್ಟಾಗಿ ಓಡಲಿಲ್ಲ, ವಾಪಸ್ಸು ಊರಿಗೆ ಹೋಗಿ ಹೊಲ, ದನ ಅಂತ ಇದ್ದುಬಿಟ್ಟರು. ಮೂವತ್ತೈದು ವರ್ಷ! ಒಂದು ಹಾಡಿನಲ್ಲಿ ತಮ್ಮೂರು ಅವಲಾನ್ ಹೆಸರು ಹಾಕಿದ್ದರು. 1963ರಲ್ಲಿ ಯಾರೋ ಆ ಪ್ಲೇಟು ಕೇಳಿದವರು ಭೂಪಟದಲ್ಲಿ ಆ ಊರು ಹುಡುಕಿ, ಹೋಗಿ ವಿಚಾರಿಸಿದರೆ, ಮನುಷ್ಯ ಅಲ್ಲೇ ಇದ್ದಾರೆ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಹಾಡಿದರು. 1966ರಲ್ಲಿ ತೀರಿಕೊಂಡರು. ನಮ್ಮ ದಾಸರು ಅಂಕಿತ ಹಾಕಿದ್ದು ಪದ ಯಾರದ್ದು ಅಂತ ತಿಳಿಯಲಿ ಅಂತ. ಈ ಮನುಷ್ಯನಿಗೆ ಅಂಕಿತ ವಿಳಾಸದ ಕೆಲಸ ಮಾಡಿತು. ಆ ಪ್ಲೇಟು ಮಾರುವುದಿಲ್ಲವಂತೆ. ಎರಡು ಸಲ ಕೇಳಿದೆ. ಮೂರನೇ ಸಲ ಕೇಳಲು ಮುಖ ಬರಲಿಲ್ಲ.

ಇನ್ನು ರಾಕ್ ಕಡೆಗೆ ಬಂದರೆ ಚೀಟಿಗಳಲ್ಲಿ ಸ್ವಲ್ಪ ತಪ್ಪಿದೆ, ಅದನ್ನೂ ಹೇಳಬೇಕು. ಆಲ್ಮನ್ ಬ್ರದರ್ಸ್ ಅನ್ನೋ ಅಣ್ಣತಮ್ಮಂದಿರ ಬ್ಯಾಂಡಿನ ಚೀಟಿಯಲ್ಲಿ ತಂದೆಯ ಕಸುಬು ಸೈನ್ಯ ಅಂತ ಬರೆದದ್ದು ಸರಿ. ದೊಡ್ಡವನು ಡುವೇನ್‌ಗೆ ಮೂರು ವರ್ಷ ಇದ್ದಾಗ, ಗಾಡಿಗೆ ಹತ್ತಿಸಿಕೊಂಡವನೇ ಅಪ್ಪನನ್ನು ಗುಂಡಿಟ್ಟು ಕೊಂದ. ಅಮ್ಮ ಒಬ್ಬರೇ ಸಾಕಿದರು. ಡುವೇನ್ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೋದಲ್ಲಿ ಬೇರೆಯವರ ಹಾಡುಗಳಿಗೆ ಗಿಟಾರ್ ನುಡಿಸಿಕೊಂಡಿದ್ದು, 1969ರಲ್ಲಿ ಸ್ವಂತ ಬ್ಯಾಂಡ್ ಕಟ್ಟಿದ. ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದದ್ದು ನೆಗಡಿ ಮಾತ್ರೆಯ ಖಾಲಿ ಗಾಜಿನ ಶೀಶೆ. ಇಷ್ಟೂ ಚೀಟಿಯಲ್ಲಿ ಸರಿಯಾಗಿದೆ. ಕೊನೆಗೆ ‘ಅಣ್ಣ ತಮ್ಮ ಇಬ್ಬರೂ ಬೈಕ್ ಅಪಘಾತದಲ್ಲಿ ಹೋದರು’ ಅಂತ ಬರೆದಿದೆ. ತಪ್ಪು. ಡುವೇನ್ ಹೋದದ್ದು 1971ರ ಅಕ್ಟೋಬರ್‌ನಲ್ಲಿ, ಮೇಕನ್ ಊರಲ್ಲಿ, ಬೈಕ್ ಅಪಘಾತವೇ, ವಯಸ್ಸು 24. ಮರುವರ್ಷ ನವೆಂಬರ್‌ನಲ್ಲಿ ಅಲ್ಲೇ ಹತ್ತಿರದಲ್ಲಿ ಬೈಕಿನಿಂದಲೇ ಹೋದದ್ದು ಬೇಸ್ ನುಡಿಸುತ್ತಿದ್ದ ಬೆರ್ರಿ ಓಕ್ಲಿ. ಅವನಿಗೂ 24. ತಮ್ಮ ಗ್ರೆಗ್ 2017ರವರೆಗೆ ಇದ್ದ.

ಲಿನರ್ಡ್ ಸ್ಕಿನರ್ಡ್ ಅನ್ನೋ ಬ್ಯಾಂಡಿನ ಚೀಟಿ ಮಾತ್ರ ಪೂರ್ತಿ ಟೀಚರಮ್ಮನದ್ದೇ ಅನ್ನಿಸುತ್ತದೆ. ಷರಾ: ‘ಉದ್ದ ಕೂದಲು ಬಿಟ್ಟಿದ್ದಕ್ಕೆ ಬೈದ ಪಿ.ಟಿ. ಮೇಷ್ಟ್ರ ಹೆಸರನ್ನೇ ತಿರುಚಿ ಬ್ಯಾಂಡಿಗೆ ಇಟ್ಟರು. ಅವಿಧೇಯರು.’ ಆ ಮೇಷ್ಟ್ರು ಲೆನರ್ಡ್ ಸ್ಕಿನರ್. ಮುಂದೆ ಇದೇ ಹುಡುಗರ ಜೊತೆ ರಾಜಿಯಾಗಿ ಜಾಕ್ಸನ್‌ವಿಲ್‌ನಲ್ಲಿ ಒಮ್ಮೆ ಸ್ಟೇಜಿನ ಮೇಲೆ ಅವರನ್ನು ಪರಿಚಯ ಮಾಡಿಕೊಟ್ಟರು ಅಂತ ನಾನು ಹೇಳಿದಾಗ ಟೀಚರಮ್ಮನ ಮುಖ ನೋಡಬೇಕಿತ್ತು. ಹಾಡುಗಾರ ರಾನಿ ವ್ಯಾನ್ ಜಾಂಟ್‌ನ ಅಪ್ಪ ಲಾರಿ ಡ್ರೈವರ್. ಪಿಯಾನೊದ ಬಿಲ್ಲಿ ಪವೆಲ್ ಮೊದಲು ಅವರ ಸಾಮಾನು ಹೊರುವ ಆಳು, ಯಾರೂ ಕೇಳದೆ ಒಂದು ಸಲ ಪಿಯಾನೊ ಮುಂದೆ ಕೂತು ನುಡಿಸಿದ್ದಕ್ಕೆ ಬ್ಯಾಂಡಿಗೇ ಸೇರಿಸಿಕೊಂಡರು. 1977ರ ಅಕ್ಟೋಬರ್ 20ಕ್ಕೆ ವಿಮಾನ ಬಿತ್ತು, ರಾನಿ ಹೋದ. ಮೂರೇ ದಿನ ಮುಂಚೆ ಹೊಸ ಪ್ಲೇಟು ಬಂದಿತ್ತು, ಅದರ ಕವರ್ ಮೇಲೆ ಬ್ಯಾಂಡಿನ ಸುತ್ತ ಬೆಂಕಿ. ಆಮೇಲೆ ಕವರ್ ಬದಲಾಯಿಸಿದರು. ಬದುಕುಳಿದ ಗಿಟಾರಿನ ಗ್ಯಾರಿ ರಾಸಿಂಗ್ಟನ್ 2023ರವರೆಗೆ ಇದ್ದ.

ಚಕ್ ಲೆವೆಲ್ ಚೀಟಿ ಕೋಲಾರ ಜಿಲ್ಲೆಯವರು ಓದಲೇಬೇಕು. ಇಪ್ಪತ್ತರ ವಯಸ್ಸಿಗೆ ಆಲ್ಮನ್ ಬ್ಯಾಂಡಿನ ಪಿಯಾನೊಗೆ ಬಂದವನು, ಆಮೇಲೆ ರೋಲಿಂಗ್ ಸ್ಟೋನ್ಸ್ ಜೊತೆ ಊರೂರು ಸುತ್ತಿದವನು. ಮನೆಗೆ ಬಂದರೆ ಜಾರ್ಜಿಯಾದಲ್ಲಿ ಪೈನ್ ಮರ ಬೆಳೆಯುತ್ತಾನೆ. 1999ರಲ್ಲಿ ಇಡೀ ದೇಶಕ್ಕೆ ಉತ್ತಮ ಮರ ಬೆಳೆಗಾರ ಅಂತ ಪ್ರಶಸ್ತಿ ಸಿಕ್ಕಿತು. ಯಜಮಾನರು ‘ನಮ್ಮಲ್ಲಿ ನೀಲಗಿರಿ ಹಾಕಿ ಬೋರ್‌ವೆಲ್ ಬತ್ತಿಸಿಕೊಂಡಿವಿ, ಅವನನ್ನ ಕರೆಸಬೇಕು ನೋಡಪ್ಪಾ’ ಅಂದರು.

ಸರಿ, ಮಾಲಿನ ವಿಷಯ. ನಾನು ತಂದದ್ದು ಎರಡು: ಮಡ್ಡಿ ವಾಟರ್ಸ್ 700 ರೂಪಾಯಿ, ಆಲ್ಮನ್‌ಗಳು 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ ಜೋಡಿ ಪ್ಲೇಟು 1,800. ಚೌಕಾಸಿ ಇಲ್ಲ. ಬಿಲ್ ಇಲ್ಲ. ಕೊಳ್ಳುವ ಮುಂಚೆ ಪೂರ್ತಿ ಹಾಕಿ ಕೇಳಿಸುತ್ತಾರೆ, ಕೇಳಿ. ನಾನು ರೈಲಿಗೆ ಲೇಟಾಯಿತು ಅಂತ ಜೋಡಿಯಲ್ಲಿ ಮೊದಲನೆಯದನ್ನು ಮಾತ್ರ ಕೇಳಿ ಎದ್ದೆ, ನನ್ನ ತಪ್ಪು. ಮನೆಗೆ ಬಂದು ಹಾಕಿದರೆ ಎರಡನೇದು ಬಿಸಿಲಿಗೆ ಬೆಂಡಾಗಿದೆ. ಕಿಟಕಿ ಪಕ್ಕ ಬೆಂಚು ಇಟ್ಟರೆ ಇನ್ನೇನಾಗುತ್ತೆ? ಹಿಂಬದಿಯಲ್ಲಿ ಒಂದೇ ಹಾಡು, 23 ನಿಮಿಷ, ಅಲ್ಲಿ ಮುಳ್ಳು ಹಂಪ್ ಹತ್ತಿಳಿಯುವ ಆಟೋ ಥರ ಮೇಲೆ ಕೆಳಗೆ ಆಡುತ್ತದೆ, ಸ್ವರ ಅಲ್ಲಾಡುತ್ತದೆ. ಫೋನ್ ಮಾಡಿದರೆ ವಾಪಸ್ಸು ತಗೊಳ್ಳಲ್ಲ ಅಂದರು. ಎರಡು ಗಾಜಿನ ಮಧ್ಯೆ ಇಟ್ಟು ಮೇಲೆ ರುಬ್ಬುಗುಂಡು ಹೇರಿ ಹದಿನೈದು ದಿನ ಬಿಡು ಅಂದರು. ಬಿಟ್ಟೆ. ಮುಕ್ಕಾಲು ಪಾಲು ಸರಿಹೋಯಿತು. ಮನೆಯಲ್ಲಿ ಅಷ್ಟು ದಿನ ಮಿಕ್ಸಿಯಲ್ಲೇ ದೋಸೆಹಿಟ್ಟು.

ಮೊದಲ ಪ್ಲೇಟು ಮಾತ್ರ ಚಿನ್ನ. ಇಬ್ಬರು ಡ್ರಮ್ ಬಾರಿಸುವವರಿದ್ದಾರೆ, ಜೈಮೊ ಮತ್ತು ಬುಚ್ ಟ್ರಕ್ಸ್. ತಮಟೆ ಮೇಳ ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಒಬ್ಬ ಗಟ್ಟಿ ಹಿಡಿದಿರುತ್ತಾನೆ, ಇನ್ನೊಬ್ಬ ಅದರ ಸಂದಿಯಲ್ಲಿ ಆಡುತ್ತಾನೆ. ಬುಚ್‌ನ ಸೋದರನ ಮಗ ಡೆರೆಕ್ ಟ್ರಕ್ಸ್ ಇದ್ದಾನಲ್ಲ, ಅವನು ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಖಾನರ ಸಂಗೀತ ಶಾಲೆಗೂ ಹೋಗಿದ್ದವನು, ಗಿಟಾರಿನಲ್ಲಿ ಸರೋದಿನ ಎಳೆತ ಕೇಳುತ್ತದೆ. ಅವನ ಪ್ಲೇಟು ಇಲ್ಲಿಲ್ಲ.

ಪ್ಲೇಟು ತೊಳೆಯುವ ಸೇವೆಯೂ ಇದೆ, ಒಂದಕ್ಕೆ 30 ರೂಪಾಯಿ. ಹತ್ತಿ, ನೀರು, ಒಂದು ಹನಿ ಪಾತ್ರೆ ಸೋಪು. ನನ್ನ ತಾತನ ಕಾಲದ ನಾಲ್ಕು ಪ್ಲೇಟು ಕೊಟ್ಟಿದ್ದೆ, ಚಟಚಟ ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ, ಬೆಲ್ ಹೊಡೆದರೆ ಟೀಚರಮ್ಮನ ಕೈಲಿ ಬೈಸಿಕೊಳ್ಳುತ್ತೀರಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಕಿಟಕಿಗೆ.

ಹೋದ ಭಾನುವಾರ ಮತ್ತೆ ಹೋಗಿದ್ದೆ, ಚೀಟಿಯ ತಪ್ಪುಗಳನ್ನು ಬರೆದುಕೊಂಡು. ಮಾರ್ಷಲ್ ಟಕರ್ ಬ್ಯಾಂಡಿನ ಚೀಟಿಯಲ್ಲಿ ‘ಮಾರ್ಷಲ್ ಟಕರ್, ಹಾಡುಗಾರ’ ಅಂತಿತ್ತು. ಅಲ್ಲ ಟೀಚರ್, ಅವರು ಸೌತ್ ಕ್ಯಾರೊಲೈನಾದ ಒಬ್ಬ ಕುರುಡು ಪಿಯಾನೊ ಕೆಲಸಗಾರ, ಹುಡುಗರು ಸ್ಪಾರ್ಟನ್‌ಬರ್ಗ್‌ನಲ್ಲಿ ಪ್ರಾಕ್ಟೀಸ್‌ಗೆ ಹಿಡಿದ ಜಾಗದ ಬೀಗದ ಕೈ ಮೇಲೆ ಅವರ ಹೆಸರಿತ್ತು, ಅದನ್ನೇ ಬ್ಯಾಂಡಿಗೆ ಇಟ್ಟುಕೊಂಡರು ಅಂದೆ. ಟೀಚರಮ್ಮ ಗಂಡನ ಕಡೆ ಒಂದು ಸಲ ನೋಡಿದರು. ಡ್ರಾಯರಿನಿಂದ ಕೆಂಪು ಪೆನ್ನು ತೆಗೆದು, ಹಳೇ ಸಾಲು ಹೊಡೆದುಹಾಕಿ, ನಿಧಾನಕ್ಕೆ ಬರೆದರು. ಕಸುಬು: ಪಿಯಾನೊ ಶ್ರುತಿ ಮಾಡುವುದು. ಷರಾ: ಬ್ಯಾಂಡಿನಲ್ಲಿ ಇಲ್ಲ.