ಹಡಪಸರದಿಂದ ಜೆಜೂರಿಗೆ: ಒಂದೇ ದಾರಿ, ಎರಡು ಬಸ್ಸು

ಪುಣೆಯ ಅಂಚಿನ ಹಡಪಸರದಲ್ಲಿ ನೆಲೆಸಿರುವ ನಮ್ಮ ಮನೆಯವರಿಗೆ ಜೆಜೂರಿಯ ಖಂಡೋಬ ಹೊರಗಿನ ದೇವರಲ್ಲ. ಊರಿನಲ್ಲಿ ಮೈಲಾರಲಿಂಗನೆಂದು ನಡೆದುಕೊಳ್ಳುವವನೇ ಇಲ್ಲಿ ಭಂಡಾರದಲ್ಲಿ ಮುಳುಗಿ ಕುಳಿತಿದ್ದಾನೆ, ಮೆಟ್ಟಿಲುಗಳ ಮೇಲೆ ಕೇಳಿಬರುವ 'ಯೆಳಕೋಟ್' ನಮ್ಮ ಕಿವಿಗೆ 'ಏಳು ಕೋಟಿ'ಯಾಗಿಯೇ ಬೀಳುತ್ತದೆ. ಹಾಗಾಗಿ ದಿವೇ ಘಾಟಿ ಹತ್ತಿ, ಸಾಸವಡ ದಾಟಿ ಸಾಗುವ ಈ ದಾರಿಯಲ್ಲಿ ವರ್ಷಕ್ಕೆ ನಾಲ್ಕೈದು ಬಾರಿಯಾದರೂ ಬಸ್ಸಿನಲ್ಲಿ ಓಡಾಡುತ್ತೇವೆ. ಪುಣೆಯ ನಗರ ಬಸ್ಸು ಮತ್ತು ಮಹಾರಾಷ್ಟ್ರ ರಾಜ್ಯ ಸಾರಿಗೆಯ ಎಸ್‌ಟಿ ಎರಡನ್ನೂ ಬಳಸಿದವನಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಸಾಸವಡದವರೆಗೆ ನನ್ನ ಆಯ್ಕೆ ಪಿಎಂಪಿಎಂಎಲ್, ಅಂದರೆ ಪುಣೆಯ ನಗರ ಬಸ್ಸು. ಪುಣೆಯ ಪಿಎಂಟಿ ಮತ್ತು ಪಿಂಪ್ರಿ-ಚಿಂಚವಡದ ಪಿಸಿಎಂಟಿ ಎಂಬ ಎರಡು ಬಸ್ ಸಂಸ್ಥೆಗಳು 2007ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆಯಿದು. ಹಳೆಯ ಪುಣೇಕರರು ಇಂದಿಗೂ ಪಿಎಂಟಿ ಎಂದೇ ಕರೆಯುತ್ತಾರೆ. ತಗ್ಗಿನ ಮೆಟ್ಟಿಲಿನ ಬಸ್ಸಿರುವ ದಿನ ವಯಸ್ಸಾದವರನ್ನು ಹತ್ತಿಸುವುದು ಸುಲಭ. ಟಿಕೆಟ್ಟಿಗೆ ಫೋನಿನಿಂದಲೇ ಹಣ ಕೊಡಬಹುದಾದ್ದರಿಂದ ಚಿಲ್ಲರೆಯ ಜಗಳವಿಲ್ಲ. 2025ರ ಜೂನ್ 1ರಿಂದ ದರ ಏರಿ ಕನಿಷ್ಠ ಟಿಕೆಟ್ ಹತ್ತು ರೂಪಾಯಿಯಾದುದು ನಿತ್ಯ ಓಡಾಡುವವರಿಗೆ ಭಾರವೇ ಆದರೂ, ನಮ್ಮಂತೆ ಅಪರೂಪಕ್ಕೆ ಹೋಗುವವರಿಗೆ ಅದು ದೊಡ್ಡ ಮಾತಲ್ಲ. ಇಲ್ಲಿನ ಅನೇಕ ಬಸ್ಸುಗಳು ಗುತ್ತಿಗೆಯವು: ಬಸ್ಸು ಮತ್ತು ಚಾಲಕ ಗುತ್ತಿಗೆದಾರನ ಕಡೆಯವು, ಕಂಡಕ್ಟರ್ ಸಂಸ್ಥೆಯವನು, ಹಣ ಸಂದಾಯವಾಗುವುದು ಓಡಿದ ಕಿಲೋಮೀಟರಿನ ಲೆಕ್ಕಕ್ಕೆ. ಪ್ರಯಾಣಿಕರು ಹತ್ತು ಮಂದಿಯಿರಲಿ, ಐವತ್ತು ಮಂದಿಯಿರಲಿ, ಬಸ್ಸಿನ ಮಾಲೀಕನಿಗೆ ಸಿಗುವುದು ಅಷ್ಟೇ ಆದ್ದರಿಂದ ಜನರನ್ನು ತುಂಬಿಕೊಳ್ಳಲು ಅವನು ಪೈಪೋಟಿಗೆ ಬೀಳಬೇಕಾದ ಕಾರಣವೇ ಇಲ್ಲ. ಹಳ್ಳಿಯ ದಾರಿಗೆ ಈ ಪದ್ಧತಿ ಎಷ್ಟು ಒಪ್ಪುತ್ತದೆಂಬುದನ್ನು ಮುಂದೆ ಹೇಳುತ್ತೇನೆ.

ನನ್ನ ಹೆಂಡತಿಯ ಆಯ್ಕೆ ಎಸ್‌ಟಿ, ಮತ್ತು ಅದಕ್ಕೆ ಅವಳು ಕೊಡುವ ಕಾರಣಕ್ಕೆ ಎದುರುತ್ತರವಿಲ್ಲ. 2023ರ ಮಾರ್ಚ್‌ನಿಂದ ಮಹಾರಾಷ್ಟ್ರದೊಳಗೆ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಅದಕ್ಕೂ ಮೊದಲು, 2022ರ ಆಗಸ್ಟ್‌ನಿಂದ, ಎಪ್ಪತ್ತೈದು ದಾಟಿದವರಿಗೆ ಟಿಕೆಟ್ಟೇ ಇಲ್ಲ. ನಮ್ಮ ಅತ್ತೆಯವರು ಆಧಾರ್ ಕಾರ್ಡನ್ನು ಭಂಡಾರದ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ. (ಅದೇ ಕಾರ್ಡು ಗಡಿ ದಾಟಿದರೆ ಕೆಲಸಕ್ಕೆ ಬಾರದು; ಕರ್ನಾಟಕದ ಶಕ್ತಿ ಯೋಜನೆ ಅಲ್ಲಿನ ವಿಳಾಸವುಳ್ಳವರಿಗೆ ಮಾತ್ರ.) 1948ರ ಜೂನ್ 1ರಂದು ಪುಣೆಯಿಂದ ಅಹಮದ್‌ನಗರಕ್ಕೆ ಮೊದಲ ಬಸ್ಸು ಓಡಿಸಿದ ಎಸ್‌ಟಿಯ ಕೆಂಪು ಬಸ್ಸಿನಲ್ಲಿ ಮೆಟ್ಟಿಲು ಎತ್ತರ, ಸೀಟು ಗಟ್ಟಿ, ಆದರೆ ಸಾಮಾನಿಗೆ ಜಾಗವಿದೆ, ಹೆಸರಿಗೆ ತಕ್ಕಂತೆ ಅದು ಹಳ್ಳಿಯವರ 'ಲಾಲ್ ಪರಿ' (ಕೆಂಪು ಕಿನ್ನರಿ).

ಈ ಎರಡರ ನಡುವಿನ ಸ್ಪರ್ಧೆಗೆ ಒಂದು ಚರಿತ್ರೆಯಿದೆ. 2021ರ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಎಸ್‌ಟಿ ನೌಕರರ ಮುಷ್ಕರ ನಡೆದಾಗ ನಗರದ ಬಸ್ಸುಗಳು ಗ್ರಾಮೀಣ ದಾರಿಗಳಲ್ಲಿ ದೂರದವರೆಗೂ ಓಡಿದವು. ಮುಷ್ಕರ ಮುಗಿದ ಮೇಲೆ ತನ್ನ ದಾರಿಗಳನ್ನು ಬಿಟ್ಟುಕೊಡಬೇಕೆಂದು ಎಸ್‌ಟಿ ಕೇಳಿತು. ನವೆಂಬರ್ 2022ರ ಹೊತ್ತಿಗೆ ಅಂಥ ಹಲವು ದಾರಿಗಳಿಂದ ನಗರದ ಬಸ್ಸು ಹಿಂದೆ ಸರಿಯಿತು, ಹಳ್ಳಿಗಳವರು ಪ್ರತಿಭಟಿಸಿದರು. ಇದರಲ್ಲಿ ಯಾರನ್ನೂ ಸುಲಭವಾಗಿ ದೂರುವಂತಿಲ್ಲ. ಪಿಎಂಪಿಎಂಎಲ್‌ನ ನಷ್ಟವನ್ನು ಮುಖ್ಯವಾಗಿ ತುಂಬಿಕೊಡುವವು ಪುಣೆ ಮತ್ತು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗಳು, 60:40ರ ಪಾಲಿನಲ್ಲಿ. ಘಾಟಿಯ ಆಚೆಗಿನ ಅಂಜೂರದ ತೋಟದವನು ಈ ಎರಡು ಪಾಲಿಕೆಗಳಿಗೆ ಮನೆತೆರಿಗೆ ಕಟ್ಟುವವನಲ್ಲ. ಆದರೆ ಅವನು ಬೆಳೆದುದನ್ನು ತಿನ್ನುವ, ಅವನ ಮಕ್ಕಳಿಂದ ದುಡಿಸಿಕೊಳ್ಳುವ ಊರು ಪುಣೆಯೇ ಆಗಿರುವಾಗ, ಬಸ್ಸಿನ ಲೆಕ್ಕವನ್ನು ಪಾಲಿಕೆಯ ಗಡಿಕಲ್ಲಿಗೇ ನಿಲ್ಲಿಸುವುದು ನನಗೆ ಸರಿಯೆನಿಸುವುದಿಲ್ಲ.

ಸ್ಪರ್ಧೆಯ ನಿಜವಾದ ಬೆಲೆ ತಿಳಿಯುವುದು ಕತ್ತಲಾದ ಮೇಲೆ. ಒಂದು ಸಂಜೆ ನಾವು ಕಾದಿದ್ದ ಕೊನೆಯ ಬಸ್ಸು ಬರಲಿಲ್ಲ. ಅದು ಯಾರ ಬಸ್ಸೆಂಬುದನ್ನು ಇಲ್ಲಿ ಹೇಳುವುದಿಲ್ಲ. ಕಡೆಗೆ ಒಂದು ವಡಾಪ್ ಜೀಪಿನಲ್ಲಿ (ತಲೆಗಿಷ್ಟೆಂದು ಜನರನ್ನು ತುಂಬಿಕೊಳ್ಳುವ ಖಾಸಗಿ ಗಾಡಿ) ಹದಿಮೂರು ಜನರ ನಡುವೆ, ಮಾಮೂಲಿನ ಎರಡು ಪಟ್ಟು ಕೊಟ್ಟು, ಅತ್ತೆಯವರ ಕಾಲ ಮೇಲೆ ಯಾರದೋ ಚೀಲ ಇರಿಸಿಕೊಂಡು ಘಾಟಿ ಇಳಿದೆವು. ಹಗಲಿನ ಗಿರಾಕಿಗಾಗಿ ಯಾರು ಬೇಕಾದರೂ ಪೈಪೋಟಿ ನಡೆಸಿಯಾರು. ರಾತ್ರಿ ಎಂಟೂವರೆಯ ಆರು ಮಂದಿಗಾಗಿ ಯಾರೂ ನಡೆಸಲಾರರು. ಆದ್ದರಿಂದ ಪೈಪೋಟಿ ನಡೆಯಬೇಕಾದದ್ದು ರಸ್ತೆಯ ಮೇಲಲ್ಲ, ಟೆಂಡರಿನ ಕಾಗದದ ಮೇಲೆ: ಮೊದಲ ಮತ್ತು ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ಗೊತ್ತುಮಾಡಿ, ಕಿಲೋಮೀಟರಿಗೆ ಇಷ್ಟೆಂದು ಕಡಿಮೆ ದರ ಕೂಗಿದವರಿಗೆ ದಾರಿಯನ್ನು ಒಪ್ಪಿಸಿ, ತಪ್ಪಿಸಿದ ಪ್ರತಿ ಸುತ್ತಿಗೂ ಹಣ ಮುರಿದುಕೊಳ್ಳಬೇಕು. ನಗರದಲ್ಲಿ ಈಗಾಗಲೇ ರೂಢಿಯಲ್ಲಿರುವ ಕಿಲೋಮೀಟರ್ ಗುತ್ತಿಗೆಯನ್ನು ಘಾಟಿಯಾಚೆಗೂ ವಿಸ್ತರಿಸಿ, ಅದರ ಖರ್ಚನ್ನು ಪಾಲಿಕೆಗಳ ಜೊತೆಗೆ ರಾಜ್ಯವೂ ಹೊತ್ತರೆ, ಎಸ್‌ಟಿ ಕೂಡ ಅದೇ ಷರತ್ತಿಗೆ ದರ ಕೂಗಬಹುದು.

ಸದ್ಯಕ್ಕೆ ಹೋಗುವವರಿಗೆ ನನ್ನ ಸಲಹೆ ಇಷ್ಟು: ಗಂಡಸರೇ ಇದ್ದರೆ ಹಡಪಸರದಿಂದ ಸಾಸವಡಕ್ಕೆ ನಗರದ ಬಸ್ಸು ಹಿಡಿದು ಅಲ್ಲಿ ಎಸ್‌ಟಿಗೆ ಬದಲಿಸಿ, ಜೊತೆಗೆ ಹೆಂಗಸರು, ಹಿರಿಯರು ಇದ್ದರೆ ಪುಣೆಯ ಸ್ವಾರಗೇಟ್ ನಿಲ್ದಾಣದಿಂದಲೇ ಎಸ್‌ಟಿ ಹತ್ತಿ. ಸೋಮವತಿ ಅಮಾವಾಸ್ಯೆಯ ದಿನ ಸೀಟಿನ ಆಸೆ ಬೇಡ. ಜೆಜೂರಿಯಲ್ಲಿ ಇಳಿದೊಡನೆ, ದೇವಸ್ಥಾನವಿರುವ ಗಡ (ಬೆಟ್ಟ) ಹತ್ತುವ ಮೊದಲೇ, ನಿಲ್ದಾಣದ ವಿಚಾರಣೆಯ ಕಿಂಡಿಯಲ್ಲಿ ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳಿ, ಮತ್ತು ಅದಕ್ಕಿಂತ ಒಂದು ಬಸ್ಸು ಮುಂಚೆಯೇ ಹೊರಡಿ.